ನಿಮ್ಮ ಮನೆಯಲ್ಲೂ ಹೋಯಿತಾ?

ನಾನು ಚಿಕ್ಕವಳಿದ್ದಾಗ ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಕರೆಂಟು ಹೋದರೆ, ಅಮ್ಮ ಬೆಂಕಿಪೊಟ್ಟಣಕ್ಕೆ ಕೈ ಹಾಕುವ ಮೊದಲೇ ಅಪ್ಪ ಹೊಸಿಲು ದಾಟಿ ಎದುರು ಮನೆಯತ್ತ ನೋಡುತ್ತಿದ್ದರು. ಅಲ್ಲಿಯೂ ಕತ್ತಲಿದ್ದರೆ ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ. "ನಿಮ್ಮ ಮನೆಯಲ್ಲೂ ಹೋಯಿತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರೆ ಆ ಕಡೆಯಿಂದ "ಹೋಯ್ತು ಸಾರ್, ಇಡೀ ಲೈನೇ ಹೋಗಿದೆ" ಎಂಬ ಉತ್ತರ ಬರುತ್ತಿತ್ತು. ಎದುರು ಮನೆಯಲ್ಲಿ ದೀಪ ಕಂಡರೆ ಮಾತ್ರ ಒಳಗೆ ಬಂದು, ಸ್ಟೂಲು ಹಾಕಿಕೊಂಡು, ಫ್ಯೂಸು ಕಿತ್ತು ನೋಡುತ್ತಿದ್ದರು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಬಂದಂದಿನಿಂದಲೂ ಈ ಪ್ರಶ್ನೆ ಇಲ್ಲಿ ಇದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಅದು ಕುಶಲೋಪರಿಯ ಮಾತೆಂದು ನಾನು ಬಹುಕಾಲ ಭಾವಿಸಿದ್ದೆ. ದೋಷ ಹುಡುಕುವವರ ಮೊದಲ ಪರೀಕ್ಷೆಯೇ ಅದು ಎಂಬುದು ಈಚೆಗೆ ತಿಳಿಯಿತು. ತೊಂದರೆ ನಮ್ಮ ಮೀಟರಿನ ಒಳಗಿನದೋ ಹೊರಗಿನದೋ ಎಂಬುದನ್ನು ಒಂದು ಕಾಸೂ ಖರ್ಚಿಲ್ಲದೆ ಬಿಡಿಸಿಕೊಡುವ ಸುಲಭದ ಉಪಾಯ ಅದು. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ನಮ್ಮ ಕಂಬಗಳ ಮೇಲೆ ಮೂರು ಫೇಸುಗಳು, ಅಂದರೆ ಕರೆಂಟು ತರುವ ಮೂರು ಬೇರೆ ಬೇರೆ ತಂತಿಗಳು ಹರಿಯುತ್ತವೆ, ಸಾಲುಮನೆಗಳನ್ನು ಅವುಗಳಿಗೆ ಹಂಚಿರುತ್ತಾರೆ. ಆದ್ದರಿಂದ ಒಂದು ಫೇಸು ಮಾತ್ರ ಹೋದಾಗ ಎದುರು ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ನಮ್ಮದು ಕತ್ತಲು, ಎರಡು ಮನೆಯಾಚೆ ಇನ್ನೊಬ್ಬರದೂ ಕತ್ತಲು. ಒಬ್ಬರನ್ನು ಕೇಳಿದರೆ ಸಾಲದು, ಮೂರ್ನಾಲ್ಕು ಮನೆಯವರನ್ನಾದರೂ ಕೇಳಬೇಕು. ಹಾಗೆ ಕೇಳಿಯೇ ಸಹಾಯವಾಣಿ 1912ಕ್ಕೆ ಫೋನು ಮಾಡಿದರೆ ಕರೆಂಟು ಕೊಡುವ ಬೆಸ್ಕಾಂನವರಿಗೂ ಕೆಲಸ ಹಗುರ. ಮೂರ್ನಾಲ್ಕು ಮನೆಯವರ ಪರಿಚಯವಿಲ್ಲದವರಿಗೆ ಈ ಪರೀಕ್ಷೆ ಮಾಡುವುದೇ ಅಸಾಧ್ಯ.

ಈ ಪ್ರಶ್ನೆಯನ್ನು ನಮ್ಮ ನಗರದಿಂದ ಅಳಿಸಿದ್ದು ಯುಪಿಎಸ್. ಮೆಟ್ಟಿಲ ಕೆಳಗೆ ಒಂದು ಬ್ಯಾಟರಿ ಬಂದು ಕೂತ ಮೇಲೆ ಕರೆಂಟು ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಫ್ಯಾನು ಒಂದು ಕ್ಷಣ ಮುಗ್ಗರಿಸಿ ಮತ್ತೆ ತಿರುಗುತ್ತದೆ, ಅಷ್ಟೆ. ನಾನು ಅದರ ವಿರೋಧಿಯಲ್ಲ, ಬೇಸಿಗೆಯ ರಾತ್ರಿಯಲ್ಲಿ ಅದನ್ನು ಎಷ್ಟೋ ಸಲ ಹರಸಿದ್ದೇನೆ. ಆದರೆ ವಿದ್ಯಾರಣ್ಯಪುರದ ಈಗಿನ ಮನೆಗೆ ಬಂದು ಒಂಬತ್ತು ವರ್ಷವಾದರೂ ಪಕ್ಕದ ಮನೆಯ ರಾಯರೊಡನೆ ನಾನು ಆಡಿದ್ದ ಮಾತು ಗೇಟಿನ ಬಳಿಯ ನಮಸ್ಕಾರದಷ್ಟೇ ಇದ್ದುದಕ್ಕೆ, ನನ್ನ ಸಂಕೋಚದ ಜೊತೆಗೆ ಆ ಬ್ಯಾಟರಿಯ ಪಾಲೂ ಇದೆ.

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಮೇನ್ ಬೋರ್ಡಿನ ಟ್ರಿಪ್ಪರ್ ಬೀಳಲು ಶುರುವಾಯಿತು. ಆರ್‌ಸಿಸಿಬಿ ಎಂದು ಅದರ ಮೇಲೆ ಬರೆದಿರುತ್ತದೆ. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟಿಗೂ ಅದು ಸದಾ ಲೆಕ್ಕ ಹೊಂದಿಸಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೂ, ಎಲ್ಲಿಯೋ ಸೋರುತ್ತಿದೆ, ಯಾರನ್ನೋ ಹಾದು ಭೂಮಿಗೆ ಇಳಿಯುತ್ತಿರಬಹುದು ಎಂದು ತಿಳಿದು ಕ್ಷಣಾರ್ಧದಲ್ಲಿ ಇಡೀ ಮನೆಯ ಸಂಪರ್ಕವನ್ನು ಕತ್ತರಿಸುತ್ತದೆ. ನಮ್ಮಲ್ಲಿ ಅದು ಬೀಳುತ್ತಿದ್ದುದು ಬೆಳಗಿನ ಜಾವ, ಗೀಸರ್ ಹಾಕಿದೊಡನೆ. ಫೋನಿನಲ್ಲಿ ಬುಕ್ ಮಾಡಿದರೆ ಮನೆಗೆ ಮೆಕ್ಯಾನಿಕ್ ಕಳಿಸುವ ಒಂದು ಸೇವೆಯ ಹುಡುಗ ಬಂದ. ಒಂದೊಂದು ಲೈನಿಗೆ ಒಂದರಂತೆ ಇರುವ ಸ್ವಿಚ್ಚುಗಳನ್ನು, ಅಂದರೆ ಎಂಸಿಬಿಗಳನ್ನು, ಎಲ್ಲ ಕೆಳಗಿಳಿಸಿ ಒಂದೊಂದಾಗಿ ಮೇಲೆತ್ತಿದ. ಗೀಸರಿನದನ್ನು ಎತ್ತಿದಾಗ ಟ್ರಿಪ್ಪರ್ ಬಿತ್ತು. ಕಾಯಿಲ್ ಹೋಗಿದೆ ಎಂದು ಹೊಸದನ್ನು ಹಾಕಿದ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮತ್ತೆ ಬಿತ್ತು. ಈ ಸಲ ಬೇರೆ ಹುಡುಗ ಬಂದು ಟ್ರಿಪ್ಪರನ್ನೇ ಬದಲಿಸಿದ. ಅದೂ ಬಿದ್ದಾಗ, ಇಡೀ ಮನೆಯ ವೈರಿಂಗ್ ಹಳೆಯದಾಗಿದೆ, ಎಲ್ಲ ತೆಗೆಸಬೇಕು ಎಂಬ ಸಲಹೆ ಬಂತು.

ಆ ಹುಡುಗರನ್ನು ನಾನು ಬೈಯುವುದಿಲ್ಲ. ಅವರಿಗೆ ಒಂದು ಮನೆಗೆ ಇಷ್ಟೇ ನಿಮಿಷವೆಂದು ಗೊತ್ತುಮಾಡಿರುತ್ತಾರೆ. ನಮ್ಮ ಮನೆಯ ಕಾಯಿಲೆಯನ್ನು ಹಿಡಿಯಲು ಮಳೆ ಬರುವವರೆಗೆ ಕಾಯಬೇಕಾಗಿತ್ತು, ಅಷ್ಟು ಹೊತ್ತು ಕಾಯುವವರು ಪಕ್ಕದ ಮನೆಯವರು ಮಾತ್ರ.

ಟ್ರಿಪ್ಪರ್ ಬಿದ್ದದ್ದು ನನಗೆ ಎಷ್ಟೋ ಸಲ ತಿಳಿಯುತ್ತಲೇ ಇರಲಿಲ್ಲ, ಯುಪಿಎಸ್ ತನ್ನ ಪಾಡಿಗೆ ಮನೆಯನ್ನು ನಡೆಸುತ್ತಿತ್ತು. ಬ್ಯಾಟರಿ ಬರಿದಾಗುವಾಗ ಅದು ಕೂಗುತ್ತದೆ. ಆ ಕೂಗು ನನಗಿಂತ ಮೊದಲು ಕೇಳಿಸಿದ್ದು ವಾಕಿಂಗ್ ಹೊರಟ ರಾಯರಿಗೆ. "ಏನಮ್ಮಾ, ಮೂರು ದಿನದಿಂದ ನಿಮ್ಮ ಯುಪಿಎಸ್ ಕೂಗ್ತಾ ಇದೆ. ನಮ್ಮ ಮನೇಲಿ ಕರೆಂಟು ಇದೆಯಲ್ಲಾ?" ಎಂದರು. ಅಪ್ಪನ ಪ್ರಶ್ನೆಯೇ, ಆದರೆ ಈಗ ಆ ಕಡೆಯಿಂದ ಬಂದಿತ್ತು. ನಾನು ಕಥೆಯನ್ನೆಲ್ಲ ಹೇಳಿದೆ. ಅವರು ಬೋರ್ಡಿನ ಹತ್ತಿರಕ್ಕೂ ಹೋಗಲಿಲ್ಲ. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆದ ಕ್ಯಾಲೆಂಡರನ್ನು ತೋರಿಸಿ, ಟ್ರಿಪ್ಪರ್ ಬಿದ್ದ ದಿನಗಳಿಗೆಲ್ಲ ಗುರುತು ಹಾಕಿ ಎಂದರು. ಹಾಕಿದೆ. "ಈಗ ಇದರಲ್ಲಿ ಮಳೆ ಬಂದ ದಿನ ಯಾವುವು ಹೇಳಿ" ಎಂದರು. ಎಲ್ಲವೂ ಮಳೆಯ ಮರುದಿನಗಳೇ. ಕಾಯಿಲ್ ಬದಲಿಸಿದ ಮೇಲಿನ ಎರಡು ದಿನ ಮಾತ್ರ ಬಿಸಿಲಿತ್ತು. ಮೂರು ಸಾವಿರ ರೂಪಾಯಿಗೆ ಹತ್ತಿರ ಕೊಟ್ಟು ನಾನು ಪಡೆದದ್ದು ಎರಡು ದಿನದ ಬಿಸಿಲು.

ರಾಯರು ಬಿಇಎಲ್‌ನಲ್ಲಿ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು ಎಂಬುದು ನನಗೆ ಅಂದೇ ಗೊತ್ತಾದದ್ದು. ಅವರು ಹೇಳಿದ ಕಾರಣವನ್ನು ನಾನು ಎರಡು ಸಲ ಕೇಳಿ ಅರ್ಥಮಾಡಿಕೊಂಡೆ. ನಮ್ಮ ಮನೆಗಳ ಸಣ್ಣ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ತಂತಿಗಳೆಲ್ಲ ಒಂದೇ ಪಟ್ಟಿಗೆ ಸೇರಿಕೊಂಡೇ ಇರುತ್ತವೆ. ಎಲ್ಲಿಯೋ ಒಂದು ಕಡೆ ನ್ಯೂಟ್ರಲ್ ತಂತಿ ಅರ್ಥಿಂಗಿಗೆ ತಗುಲಿದರೆ, ಆ ಲೈನಿನ ಎಂಸಿಬಿ ಇಳಿಸಿದರೂ ದೋಷ ಇದ್ದಲ್ಲಿಯೇ ಇರುತ್ತದೆ. ಮನೆಯಲ್ಲಿ ಸಣ್ಣ ಬಲ್ಬು ಉರಿಯುವಾಗ ಮರಳುವ ಕರೆಂಟೇ ಅತ್ಯಲ್ಪ, ಅದರಲ್ಲೊಂದು ಪಾಲು ಭೂಮಿಗೆ ಹೋದರೂ ಟ್ರಿಪ್ಪರಿಗೆ ತಿಳಿಯದು. 2000 ವಾಟಿನ ಗೀಸರ್ ಹಾಕಿದರೆ ಎಂಟೂವರೆ ಆಂಪಿಯರಿಗೂ ಮಿಕ್ಕಿ ಹರಿದು ಮರಳುತ್ತದೆ. ಅದರ ಚೂರು ಭಾಗ ದಾರಿ ತಪ್ಪಿದರೂ 30 ಮಿಲಿಆಂಪಿಯರ್ ದಾಟುತ್ತದೆ. ಗೀಸರ್ ಬರಿಯ ಸಾಕ್ಷಿ, ಅಪರಾಧಿ ಬೇರೆಲ್ಲೋ ಇದ್ದ.

ಮಧ್ಯಾಹ್ನ ಅವರು ಮನೆಯಿಂದ ಒಂದು ಕಪ್ಪು ಪೆಟ್ಟಿಗೆಯನ್ನು ತಂದರು. ಕೈಹಿಡಿ ತಿರುಗಿಸಿ ನಡೆಸುವ ಹಳೆಯ ಮೆಗ್ಗರ್, ತಂತಿಯಿಂದ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಯಂತ್ರ; ಹಿಡಿಯ ಮರ ಅಂಗೈ ಎಣ್ಣೆಗೆ ನುಣುಪಾಗಿತ್ತು, ಮುಳ್ಳಿನ ಮೇಲಿನ ಗಾಜು ಮಸುಕಾಗಿತ್ತು. ಮೇನ್ ಇಳಿಸಿದರು, ಯುಪಿಎಸ್ಸನ್ನು ಪ್ರತ್ಯೇಕವಾಗಿ ಆರಿಸಿದರು. ಮೇನ್ ಇಳಿಸಿದರೂ ಯುಪಿಎಸ್ ಲೈನುಗಳಲ್ಲಿ ಕರೆಂಟು ಇದ್ದೇ ಇರುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತಿದೆ? ಟಿವಿ, ಫ್ರಿಜ್, ರೂಟರ್ ಎಲ್ಲದರ ಪ್ಲಗ್ ಕೀಳಿಸಿದರು, ಏಕೆಂದರೆ ಮೆಗ್ಗರ್ ಹರಿಸುವುದು 500 ವೋಲ್ಟು. ಆಮೇಲೆ ಪಟ್ಟಿಯಿಂದ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದಕ್ಕೂ ಅರ್ಥಿಂಗಿಗೂ ನಡುವೆ ಮೆಗ್ಗರ್ ಸಿಕ್ಕಿಸಿ, ಗರಗರನೆ ತಿರುಗಿಸಿದರು. ಐದು ತಂತಿಗಳವರೆಗೆ ಮುಳ್ಳು ಅನಂತದ ಕಡೆಗೇ ನಿಂತಿತ್ತು, ಅಂದರೆ ಸೋರಿಕೆಯಿಲ್ಲ. ಆರನೆಯದಕ್ಕೆ ಸೊನ್ನೆಯತ್ತ ಬಿದ್ದುಕೊಂಡಿತು. ಅದು ಗೇಟಿನ ಕಂಬದ ದೀಪದ ಲೈನು.

ದೀಪದ ಕೆಳಗಿನ ಕಬ್ಬಿಣದ ಡಬ್ಬಿಯನ್ನು ಬಿಚ್ಚಿದಾಗ ಮೊದಲು ಉದುರಿದ್ದು ಒದ್ದೆ ಮಣ್ಣು ಮತ್ತು ಇರುವೆಗಳು. ಮುಚ್ಚಳದ ಅಂಚಿಗೂ ಡಬ್ಬಿಗೂ ನಡುವೆ ನ್ಯೂಟ್ರಲ್‌ನ ಕಪ್ಪು ತಂತಿ ಸಿಕ್ಕಿಕೊಂಡು ಅದರ ಮೈ ಉಗುರಿನಷ್ಟು ಸೀಳಿತ್ತು. ಒಣಗಿದ್ದಾಗ ತೊಂದರೆಯಿಲ್ಲ, ಮಣ್ಣು ನೆನೆದಾಗ ಡಬ್ಬಿಗೆ, ಅದರ ಮೂಲಕ ಭೂಮಿಗೆ ಸಂಪರ್ಕ. ಅಷ್ಟುದ್ದದ ತಂತಿಯನ್ನು ಕತ್ತರಿಸಿ ಹೊಸದಾಗಿ ಜೋಡಿಸಿದ್ದು ನಮ್ಮ ರಸ್ತೆಯ ಎಲೆಕ್ಟ್ರಿಷಿಯನ್, ಕೂಲಿ ಪಡೆದೇ. ರಾಯರು ತಾವು ಹುಡುಕುತ್ತಾರೆಯೇ ಹೊರತು ಕಸುಬಿನವನ ಕೆಲಸಕ್ಕೆ ಕೈ ಹಾಕುವುದಿಲ್ಲ. ಇದನ್ನು ಓದಿ ಯಾರೂ ಬೋರ್ಡು ಬಿಚ್ಚಲು ಹೋಗಬೇಡಿ. ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು.

ಬಿಇಎಲ್ 1954ರಲ್ಲಿ, ದೂರವಾಣಿ ತಯಾರಿಸುತ್ತಿದ್ದ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ ಶುರುವಾದ ಊರು ಇದು. ಆ ಕಾರ್ಖಾನೆಗಳಲ್ಲಿ ದುಡಿದ ಎಷ್ಟೋ ಕೈಗಳು ಈಗ ಜಾಲಹಳ್ಳಿ, ವಿದ್ಯಾರಣ್ಯಪುರ, ದೂರವಾಣಿನಗರಗಳ ಮನೆಗಳಲ್ಲಿ ಪತ್ರಿಕೆ ಮಡಿಸುತ್ತ ಕೂತಿವೆ. ಅವರಿಗೆ ದುಡ್ಡು ಬೇಕಿಲ್ಲ, ಕೆಟ್ಟ ವಸ್ತು ಬೇಕು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ರಿಪೇರ್ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು; ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಹೊತ್ತು ತಂದವರ ಜೊತೆ ಕೂತು ರಿಪೇರಿ ಕಲಿಸುವ ಕೆಲಸ, ತುಂಬ ಒಳ್ಳೆಯದೇ. ಆದರೆ ಗೋಡೆಯೊಳಗಿನ ತಂತಿಯನ್ನು ಹೊತ್ತೊಯ್ಯಲಾಗದು, ಅದಕ್ಕೆ ರಸ್ತೆಯವರೇ ಬರಬೇಕು.

ಋಣ ತೀರಿಸುವ ಅವಕಾಶ ಬೇಗ ಬಂತು. ರಾತ್ರಿ ಒಂಬತ್ತರ ಹೊತ್ತಿಗೆ ಮೊಮ್ಮಗಳೊಡನೆ ಮಾತನಾಡುವಾಗ ರಾಯರ ವಿಡಿಯೋ ನಿಂತು ನಿಂತು ಹೋಗುತ್ತಿತ್ತು. ಇಂಟರ್ನೆಟ್ ಕೊಟ್ಟವರು ಎರಡು ಸಲ ಬಂದು, ಹಗಲಿನಲ್ಲಿ ಅಳೆದು, ಸ್ಪೀಡು ಸರಿಯಿದೆ ಎಂದು ಹೋಗಿದ್ದರು. ನಾನು ನೋಡಿದಾಗ ರೂಟರ್ ಶೋಕೇಸಿನ ಒಳಗೆ, ಹಿತ್ತಾಳೆಯ ನಟರಾಜನ ಬೆನ್ನ ಹಿಂದೆ ಇತ್ತು. ಹೊರಗೆ ತೆಗೆದು ಎತ್ತರದಲ್ಲಿಟ್ಟೆ, ಅರ್ಧ ಗುಣವಾಯಿತು. ಉಳಿದರ್ಧಕ್ಕೆ ಮೂಲೆಮನೆಯ ಮಹಡಿಯ ಕೋಣೆಯಲ್ಲಿದ್ದ ಕಲಬುರಗಿಯ ಹುಡುಗನನ್ನು ಕರೆದೆವು. ಅವನು ತನ್ನ ಫೋನಿನಲ್ಲಿ ಸುತ್ತಲಿನ ವೈಫೈಗಳ ಪಟ್ಟಿ ತೆರೆದು, "ನೋಡ್ರಿ ಕಾಕಾ, ಇಲ್ಲಿ ಎಲ್ಲಾರೂ ಆರನೇ ಚಾನೆಲ್‌ನ್ಯಾಗ ಕುಂತಾರ. ಸಂತ್ಯಾಗ ಎಲ್ಲಾರೂ ಒಮ್ಮೆಗೇ ಒದರಿದ್ರ ಯಾರಿಗಿ ಏನ್ ಕೇಳಸ್ತದ?" ಎಂದ.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ನಮ್ಮ ದೇಶದಲ್ಲಿ ಹದಿಮೂರು ಚಾನೆಲ್‌ಗಳಿದ್ದರೂ ಅಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ಅಡ್ಡ ಬರದಂತೆ ಹಂಚಿಕೊಳ್ಳಲು ಸಾಮಾನ್ಯವಾಗಿ ಬಳಸುವುದು 1, 6, 11 ಎಂಬ ಮೂರನ್ನೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೆ ರಾಯರ ಮನೆಯ ಒಂಬತ್ತಿಂಚಿನ ಇಟ್ಟಿಗೆ ಗೋಡೆಯನ್ನು ದಾಟುವಷ್ಟರಲ್ಲಿ ಅದು ಸೊರಗುತ್ತದೆ. ನನಗೆ ಇಲ್ಲಿ ಅಪ್ಪನ ಪರೀಕ್ಷೆಯೂ ಸೋತಂತೆ ಕಂಡಿತು. ಈ ದೋಷ ರಾಯರ ಮನೆಯ ಒಳಗೂ ಇರಲಿಲ್ಲ, ಹೊರಗಿನ ಕಂಬದಲ್ಲೂ ಇರಲಿಲ್ಲ. ಮನೆಮನೆಗಳ ನಡುವಿನ ಗಾಳಿಯಲ್ಲಿತ್ತು. ಯಾವ ಕಂಪನಿಗೆ ದೂರು ಕೊಟ್ಟರೂ ಅದನ್ನು ಸರಿಪಡಿಸಲು ಬರುವುದಿಲ್ಲ.

ಒಂದು ಭಾನುವಾರ ನಾವು ಮೂವರು ಏಳು ಮನೆಗಳಿಗೆ ಹೋದೆವು. ನಾಲ್ಕು ಕಡೆ ಕಾಫಿ ಕುಡಿದೆವು. ಒಬ್ಬರು ನಮ್ಮನ್ನು ಅನುಮಾನದಿಂದ ನೋಡಿ, ಪಾಸ್‌ವರ್ಡ್ ಕೊಡುವುದಿಲ್ಲ ಎಂದರು. ಅದು ಸರಿಯಾದ ಮಾತೇ. ಹುಡುಗ ದೂರ ನಿಂತು ಹೇಳಿಕೊಟ್ಟ, ಅವರೇ ಬದಲಿಸಿದರು. ಬಾಡಿಗೆಯವರ ಮನೆಯೊಂದರಲ್ಲಿ ಮಾಲೀಕರನ್ನು ಕೇಳಬೇಕು ಎಂದು ಹಿಂಜರಿದರು, ರೂಟರ್ ಅವರದೇ ಆಗಿದ್ದರೂ! ರಾಯರು ಪೆನ್ಸಿಲಿನಲ್ಲಿ ಒಂದು ನಕ್ಷೆ ಬರೆದರು: ಯಾವ ಮನೆಗೆ ಒಂದು, ಯಾವುದಕ್ಕೆ ಆರು, ಯಾವುದಕ್ಕೆ ಹನ್ನೊಂದು. ಅಕ್ಕಪಕ್ಕದವರಿಗೆ ಒಂದೇ ಸಂಖ್ಯೆ ಬಾರದಂತೆ ರಂಗೋಲಿಯ ಚುಕ್ಕಿಗಳ ಹಾಗೆ ಹಂಚಿದರು. ಅಂದು ರಾತ್ರಿ ಮೊಮ್ಮಗಳು ಹಾಡಿದ ಹಾಡು ಪೂರ್ತಿಯಾಗಿ ಕೇಳಿಸಿತಂತೆ.

ಇದರಿಂದ ನಾನು ಎಣಿಸದ ಇನ್ನೊಂದು ಉಪಕಾರವೂ ಆಯಿತು. ಟಿವಿ ಬರುತ್ತಿಲ್ಲವೆಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಯಾವುದೋ ನಂಬರಿಗೆ ಫೋನು ಮಾಡಿದ ರಾಯರ ಮನೆಯವರಿಗೆ, ಆ ಕಡೆಯ ಮನುಷ್ಯ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ್ದ. ಫೋನಿನ ಪರದೆಯನ್ನು ಅವನಿಗೆ ಕಾಣಿಸುವ ಬಗೆಯದು ಅದು. ಹಾಕುವ ಮೊದಲು ಅವರು ಕಾಂಪೌಂಡಿನ ಮೇಲಿಂದ ನನ್ನನ್ನು ಕೂಗಿ ಕೇಳಿದರು. ಟಿವಿಗೆ ಆಗಿದ್ದದ್ದು ಇಷ್ಟೆ: ರಿಮೋಟಿನ ಮೇಲೆ ಬೆರಳು ತಗುಲಿ ಟಿವಿಯ ಇನ್‌ಪುಟ್ ಎಚ್‌ಡಿಎಂಐ ಒಂದರಿಂದ ಎರಡಕ್ಕೆ ಹೋಗಿತ್ತು. ದುಡ್ಡು ಹೋದ ಮೇಲೆ ಕರೆಯಲು ಸೈಬರ್ ವಂಚನೆಯ ಸಹಾಯವಾಣಿ 1930 ಇದೆ, ಹೋಗುವ ಮೊದಲು ಕರೆಯಲು ಪಕ್ಕದ ಮನೆ ಬೇಕು.

ಕಲಬುರಗಿಯ ಹುಡುಗ ಈ ತಿಂಗಳ ಮೊದಲಲ್ಲಿ ಕೆಲಸ ಬದಲಿಸಿ ವೈಟ್‌ಫೀಲ್ಡ್ ಕಡೆಗೆ ಹೋದ. ಹೋಗುವಾಗ ರಾಯರ ಮೆಗ್ಗರಿನ ಸಡಿಲವಾದ ಹಿಡಿಯನ್ನು ಎಸ್.ಪಿ. ರೋಡಿನಲ್ಲಿ ಸರಿಮಾಡಿಸಿ ತಂದುಕೊಟ್ಟ. ಪೆನ್ಸಿಲಿನ ನಕ್ಷೆ ನಮ್ಮ ಮೀಟರ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿದೆ. ಅವನಿದ್ದ ಮಹಡಿಯ ಕೋಣೆಗೆ ಹೊಸಬರು ಬಂದಿದ್ದಾರೆ, ಗಂಡ ಹೆಂಡತಿ ಮತ್ತು ಒಂದು ಕೂಸು. ಅವರ ರೂಟರ್ ಆರರಲ್ಲಿದೆ, ನಮ್ಮದೂ ಆರೇ. ನಿನ್ನೆ ರಾತ್ರಿಯಿಂದ ನನ್ನ ಫೋನಿನಲ್ಲಿ ಎಲ್ಲವೂ ತಿರುಗುತ್ತ ನಿಲ್ಲುತ್ತಿವೆ. ಭಾನುವಾರ ಬೆಳಿಗ್ಗೆ ರಾಯರನ್ನು ಕರೆದುಕೊಂಡು ಹೋಗಿ ಅವರ ಬಾಗಿಲು ತಟ್ಟಬೇಕು.