ಮೂರೂಕಾಲು ಪರ್ಸಿ ಕಲ್ಲಿನ ಜಾಗ

ಗಾಣದ ಎತ್ತಿಗೆ ಕಣ್ಣುಪಟ್ಟಿ ಕಟ್ಟುತ್ತಿದ್ದದ್ದು ಸುತ್ತಿ ಸುತ್ತಿ ಅದಕ್ಕೆ ತಲೆ ತಿರುಗಬಾರದು ಅಂತ. ಮನುಷ್ಯ ಸಾವಿರಾರು ರೂಪಾಯಿ ಸುರಿದು ಕಣ್ಣಿಗೆ ವಿಆರ್ ಹೆಡ್‌ಸೆಟ್ (ಇಲ್ಲದ ಲೋಕವನ್ನು ಸುತ್ತಲೂ ಇದ್ದಂತೆ ತೋರಿಸುವ ಡಬ್ಬಿ) ಕಟ್ಟಿಕೊಂಡು, ಕೂತಲ್ಲೇ ತಲೆ ತಿರುಗಿಸಿಕೊಳ್ಳುತ್ತಾನೆ. ಎತ್ತೇ ಜಾಣ.

ಕೊರೊನಾ ಕಾಲದಲ್ಲಿ ಈ ಡಬ್ಬಿಗೆ ಶುಕ್ರದೆಸೆ ಬಂತೆಂದು ಬಹಳ ಜನ ನಂಬಿದ್ದರು. 2020ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿಯ ಆಕ್ಯುಲಸ್ ಕ್ವೆಸ್ಟ್ 2 ಎಂಬ ಹೆಡ್‌ಸೆಟ್ ಬಂತು: 299 ಡಾಲರ್, ಅರ್ಧ ಕಿಲೋ ತೂಕ, ಕಂಪ್ಯೂಟರ್ ಬೇಡ, ವೈರಿನ ಬಾಲ ಬೇಡ. ಭಾರತದಲ್ಲಿ ಅಧಿಕೃತ ಮಾರಾಟ ಇರಲಿಲ್ಲ, ಹೊರಗಿನಿಂದ ತರಿಸಬೇಕಿತ್ತು. ಮೇಲೆ ಆಗ ಫೇಸ್‌ಬುಕ್ ಖಾತೆ ಕಡ್ಡಾಯವಿತ್ತು. ಇರಲಿ. ಹಂಪಿಯ ಸ್ಮಾರಕಗಳಿಗೆ ತಿಂಗಳುಗಟ್ಟಲೆ ಬೀಗ ಬಿದ್ದಿದ್ದ ವರ್ಷ ಅದು. ಕೂತಲ್ಲೇ ಊರು ಸುತ್ತಿಸುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಯಾವುದು?

ಮುಹೂರ್ತವೇನೋ ಕೂಡಿಬಂತು, ಮಂಟಪಕ್ಕೆ ಜಾಗ ಇರಲಿಲ್ಲ.

ನಿಂತು ಆಡಲು ಇದಕ್ಕೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ನೆಲ ಬೇಕು. ರಾಯಚೂರಿನ ಮನೆಯಲ್ಲಿ ಅಳೆಯುವುದು ಸುಲಭ: ನೆಲಕ್ಕೆ ಹಾಸುವ ಎರಡಡಿಯ ಪರ್ಸಿ ಕಲ್ಲಾದರೆ ಆ ಕಡೆ ಮೂರೂಕಾಲು, ಈ ಕಡೆ ಮೂರೂಕಾಲು. ಮಾಮೂಲಿ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಡಸಾಲೆಯಲ್ಲಿ ಇಷ್ಟು ಜಾಗ ಸಿಕ್ಕೀತು. ಲಾಕ್‌ಡೌನಿನಲ್ಲಿ ಒಂದು ಕಲ್ಲಿನ ಮೇಲೆ ಅಜ್ಜನ ಮಂಚ, ಇನ್ನೊಂದರ ಮೇಲೆ ಆನ್‌ಲೈನ್ ಕ್ಲಾಸು, ಮತ್ತೊಂದರ ಮೇಲೆ ಬೆಂಗಳೂರಿನಿಂದ ಬಂದ ಮಗನ ಲ್ಯಾಪ್‌ಟಾಪು. ಪುರುಸೊತ್ತು ತಂದುಕೊಟ್ಟ ರೋಗವೇ ನೆಲ ಕಿತ್ತುಕೊಂಡಿತು. ಗುಳೆ ಹೋಗಿ ಬರಿಗೈಲಿ ವಾಪಸಾದವರ ಮನೆಗಳಲ್ಲಂತೂ ಈ ಡಬ್ಬಿಯ ಸುದ್ದಿಯೇ ಏಳುವ ಹಾಗಿರಲಿಲ್ಲ.

ನೆಲ ಸಿಕ್ಕರೂ ತಲೆ ಮೇಲೊಂದು ನೋಡಬೇಕು. ಆಟಕ್ಕೆ ಮೊದಲು ಕೈಯಲ್ಲಿ ಹಿಡಿಯುವ ಕಂಟ್ರೋಲರಿನಿಂದ ಸುತ್ತಲೂ ಗೆರೆ ಎಳೆದರೆ, ಗೆರೆ ದಾಟುವಾಗ ಕಣ್ಣೆದುರು ಜಾಲರಿ ಮೂಡಿ ಎಚ್ಚರಿಸುತ್ತದೆ. ಆದರೆ ಗೆರೆ ಇರುವುದು ಸುತ್ತ. ಮೇಲೆ ತಿರುಗುವ ಫ್ಯಾನಿನ ಲೆಕ್ಕ ಅದಕ್ಕಿಲ್ಲ. ಫ್ಯಾನ್ ಆರಿಸೋಣವೆಂದರೆ ಬಳ್ಳಾರಿಯ ಮೇ ತಿಂಗಳು. ಇಂಥ ಯಂತ್ರಗಳು ಸುಮಾರು 35 ಡಿಗ್ರಿವರೆಗಿನ ಹವೆಗೆ ಮಾಡಿದವು. ನಮ್ಮಲ್ಲಿ ಬೇಸಿಗೆಯಲ್ಲಿ ನಲವತ್ತು ದಾಟುವುದು ಸುದ್ದಿಯೇ ಅಲ್ಲ. ಬೆವರಿನ ಆವಿಗೆ ಲೆನ್ಸ್ ಮಬ್ಬಾಗುತ್ತದೆ. ಉಪಾಯವೆಂದರೆ ಟೇಬಲ್ ಫ್ಯಾನ್. ಗೆರೆಯ ಹೊರಗೆ ಒಂದೇ ಮೂಲೆಯಲ್ಲಿಟ್ಟರೆ ಮುಖ ತಣ್ಣಗಿರುತ್ತದೆ, ಯಾವ ಕಡೆ ತಿರುಗಿದ್ದೀವಿ ಅನ್ನುವುದೂ ಗಾಳಿಯಿಂದಲೇ ತಿಳಿಯುತ್ತದೆ. ಕರೆಂಟ್ ಹೋದರೆ ಮಾತ್ರ ಎರಡು ನಷ್ಟ: ಗಾಳಿಯೂ ಇಲ್ಲ, ರಾತ್ರಿಯಾದರೆ ಆಟವೂ ಇಲ್ಲ. ಹೊರಮೈಯ ನಾಲ್ಕು ಕ್ಯಾಮೆರಾಗಳು ಕೋಣೆಯನ್ನು ನೋಡಿಯೇ ನಾವೆಲ್ಲಿದ್ದೇವೆಂದು ಹೇಳುವುದು. ಕತ್ತಲಲ್ಲಿ ಅವೂ ಕುರುಡು.

ತಲೆ ತಿರುಗುವುದೇಕೆಂದರೆ, ಕಣ್ಣು 'ಓಡುತ್ತಿದ್ದೇನೆ' ಅನ್ನುತ್ತದೆ, ಒಳಕಿವಿ 'ಸುಳ್ಳು, ಕೂತಿದ್ದಾನೆ' ಅನ್ನುತ್ತದೆ. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ ಲೆನ್ಸ್ ಹೊಂದದಿದ್ದರೆ ತಲೆನೋವು ಬೇರೆ. ಕ್ವೆಸ್ಟ್ 2ರಲ್ಲಿ ಇದಕ್ಕೆ ಮೂರೇ ಮೆಟ್ಟಿಲು, 58, 63, 68 ಮಿಲಿಮೀಟರ್. ಮನೆಯಲ್ಲಿ ಐದು ಮುಖಗಳಿದ್ದರೆ ಪ್ರತಿ ಸರದಿಗೂ ಸರಿಸಬೇಕು, ಯಾರೂ ಸರಿಸುವುದಿಲ್ಲ.

ಆ ಸರದಿಯೇ ಅಸಲು ತೊಡಕು. ಹೊರಗೆ ಮಾಸ್ಕು, ಮಾರುದೂರ. ಒಳಗೆ ಒಬ್ಬರ ಬೆವರು ಕುಡಿದ ಸ್ಪಂಜನ್ನು ಇನ್ನೊಬ್ಬರು ಹಣೆಗೆ ಒತ್ತಿಕೊಳ್ಳುವುದು. ಅದೇ ಸ್ಪಂಜಿನಿಂದ ಕೆಲವರಿಗೆ ಚರ್ಮ ಕೆರೆತ ಬಂದು, 2021ರ ಜುಲೈನಲ್ಲಿ ಕಂಪನಿ ತಾತ್ಕಾಲಿಕವಾಗಿ ಮಾರಾಟ ನಿಲ್ಲಿಸಿ ಸಿಲಿಕೋನ್ ಹೊದಿಕೆ ಹಂಚಬೇಕಾಯಿತು. ಹೊದಿಕೆ ತೊಳೆಯಬಹುದು. ಲೆನ್ಸಿಗೆ ಮಾತ್ರ ಸ್ಯಾನಿಟೈಸರ್ ತಾಕಿಸಬಾರದು, ಅದರ ಮೇಲಿನ ಲೇಪ ಕಿತ್ತುಹೋಗುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿದರೆ ಸಾಕು.

ಇದಕ್ಕಿಂತ ದೊಡ್ಡ ಅಪಾಯ ನಮ್ಮ ಮಡಿವಂತಿಕೆಯಿಂದಲೇ. ಹೊರಗಿನಿಂದ ಬಂದದ್ದೆಲ್ಲ ಬಿಸಿಲಿಗೆ ಬೀಳಬೇಕಾಗಿದ್ದ ಕಾಲ ಅದು: ತರಕಾರಿ, ನೋಟು, ಚಪ್ಪಲಿ. ಬೆವರು ನಾರುವ ಹೆಡ್‌ಸೆಟ್ಟನ್ನೂ ಮಾಳಿಗೆ ಮೇಲೆ ಸಂಡಿಗೆಯ ಪಕ್ಕ ಲೆನ್ಸಿನ ಕಡೆ ಮೇಲೆ ಮಾಡಿ ಇಟ್ಟರೆ ಮುಗೀತು. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುತ್ತಿದ್ದ ಆಟವೇ ಒಳಗೆ ನಡೆಯುತ್ತದೆ: ಲೆನ್ಸು ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಪರದೆ ಸುಡುತ್ತದೆ. ಹಾಕಿಕೊಂಡಾಗ ಎಲ್ಲಿ ನೋಡಿದರೂ ಹಳದಿ ಕಲೆಯೊಂದು ತೇಲುತ್ತಿರುತ್ತದೆ, ಒರೆಸಿದರೆ ಹೋಗುವುದಲ್ಲ. ಕಿಟಕಿಯ ಬಿಸಿಲಾದರೂ ಅಷ್ಟೇ, ಕೆಲವು ನಿಮಿಷ ಸಾಕು.

ಬೀಗ ತೆಗೆದ ಮೇಲೆ ಜನ ನಿಜವಾದ ಹಂಪಿಗೇ ಹೋದರು. ಹೆಡ್‌ಸೆಟ್ ಅಲ್ಮೇರಾ ಸೇರಿತು, ಚಳಿಗಾಲದ ರಗ್ಗಿನ ಪಕ್ಕ. ಸೇರಿಸುವ ಮುಂಚೆ ಲೆನ್ಸಿಗೆ ಬಟ್ಟೆ ಮುಚ್ಚಿ, ಕಂಟ್ರೋಲರುಗಳ ಪೆನ್ಸಿಲ್ ಸೆಲ್ ತೆಗೆದಿಡಿ. ಒಂದೊಂದರಲ್ಲಿ ಒಂದೊಂದಿರುತ್ತದೆ, ಮರೆತರೆ ಮುಂದಿನ ಬೇಸಿಗೆಯೊಳಗೆ ಸೋರಿ ಸ್ಪ್ರಿಂಗು ಹಸಿರುಗಟ್ಟೀತು.