ಬಿಡಿಸದೆ ಹೋದರೂ

ಮೊನ್ನೆ ಭಾನುವಾರ ಚರ್ಚಿನ ಆರಾಧನೆಯಲ್ಲಿ ಸಾಕ್ಷಿ ಹೇಳುವ ಸಮಯ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ಹೊತ್ತು. ಒಬ್ಬರಿಗೆ ಬಡ್ತಿ ಸಿಕ್ಕಿತ್ತು, ಒಬ್ಬರಿಗೆ ವೀಸಾ, ಇನ್ನೊಬ್ಬರು ಹೊಸ ಮನೆ ಕೊಂಡಿದ್ದರು. ಒಂದೊಂದಕ್ಕೂ ಎಲ್ಲರೂ ಹಲ್ಲೆಲೂಯ ಅಂದೆವು. ನಾನೂ ಮನಸಾರೆ ಅಂದೆ. ನನ್ನ ಪಕ್ಕದಲ್ಲಿದ್ದ ಅಕ್ಕ ಮಾತ್ರ ತಲೆ ಎತ್ತಲಿಲ್ಲ. ಅವರು ಮೂರು ವರ್ಷದಿಂದ ಒಂದೇ ವಿಷಯಕ್ಕೆ ಪ್ರಾರ್ಥಿಸುತ್ತಿದ್ದಾರೆ, ಸಿಕ್ಕಿಲ್ಲ. ಆದರೂ ಒಂದು ವಾರ ತಪ್ಪಿಸದೆ ಬರುತ್ತಾರೆ. ಅದೂ ಸಾಕ್ಷಿಯೇ ಅಲ್ಲವೇ? ಅದನ್ನು ಹೇಳುವುದಕ್ಕೆ ನಮ್ಮ ನಡುವೆ ಜಾಗವೇ ಇಲ್ಲ.

ದೇವರನ್ನು ಏನೂ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಅನುದಿನದ ರೊಟ್ಟಿ ಕೇಳಿ ಅಂತ ಕಲಿಸಿದವನು ಯೇಸುವೇ. ನನಗೆ ನೋವಾಗುವುದು, ಸಿಕ್ಕಿದ್ದನ್ನು ವಿಶ್ವಾಸದ ಅಳತೆಗೋಲು ಮಾಡಿಕೊಂಡಾಗ. ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಪಟ್ಟು ವಾಪಸ್ಸು ಬರುತ್ತದೆ ಅನ್ನುವ ಪ್ರಸಂಗ ಕೇಳಿದಾಗ.

ಯೋಹಾನನ ಸುವಾರ್ತೆಯ 6ನೇ ಅಧ್ಯಾಯವನ್ನು ಪೂರ್ತಿ ಓದಿ ನೋಡಿ. 5 ರೊಟ್ಟಿ, 2 ಮೀನು, ಅಷ್ಟರಲ್ಲೇ ಯೇಸು ಹೊಟ್ಟೆ ತುಂಬಿಸಿದ ಜನರಲ್ಲಿ ಗಂಡಸರೇ ಸುಮಾರು 5,000. ನಾವು ಸಾಮಾನ್ಯವಾಗಿ ಮಿಕ್ಕ ತುಂಡುಗಳಿಂದ 12 ಪುಟ್ಟಿ ತುಂಬಿದ ಕಡೆಗೆ ನಿಲ್ಲಿಸಿಬಿಡುತ್ತೇವೆ. ಮರುದಿನ ಅದೇ ಜನ ದೋಣಿ ಹತ್ತಿ ಕಪೆರ್ನೌಮಿನ ತನಕ ಹುಡುಕಿಕೊಂಡು ಬಂದರು. ನೀವು ನನ್ನನ್ನು ಹುಡುಕುತ್ತಿರುವುದು ರೊಟ್ಟಿ ತಿಂದು ಹೊಟ್ಟೆ ತುಂಬಿತು ಅಂತ, ಎಂದ ಯೇಸು. ಜೀವದ ರೊಟ್ಟಿ ನಾನೇ ಅಂದ. ಅಧ್ಯಾಯ ಮುಗಿಯುವ ಹೊತ್ತಿಗೆ ಶಿಷ್ಯರಲ್ಲೇ ಅನೇಕರು ಬಿಟ್ಟು ಹೋಗಿದ್ದರು. ನೀವೂ ಹೋಗಬೇಕೆಂದಿದ್ದೀರಾ ಎಂದು ಹನ್ನೆರಡು ಮಂದಿಯನ್ನು ಕೇಳಿದಾಗ ಪೇತ್ರ, ಕರ್ತನೇ, ಯಾರ ಬಳಿಗೆ ಹೋಗೋಣ ಅಂದ. ಅವನ ಕೈಯಲ್ಲಿ ಆಗ ರೊಟ್ಟಿ ಇರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ಶರಣಾಗತಿ ಅಂದರೆ ನನಗೆ ನೆನಪಾಗುವುದು ಆ ಪ್ರಶ್ನೆ.

ಹೊಸ ವರ್ಷದ ವಾಗ್ದಾನ ಕಾರ್ಡುಗಳಲ್ಲಿ ಯೆರೆಮೀಯ 29:11 ಎಷ್ಟು ಸಲ ಬರುತ್ತದೋ! ನಿಮಗೆ ಒಳ್ಳೆಯ ಭವಿಷ್ಯ ಕೊಡುವುದೇ ನನ್ನ ಆಲೋಚನೆ ಅನ್ನುವ ವಚನ. ಅದರ ಹಿಂದಿನ ವಚನ ಯಾವ ಕಾರ್ಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ, ಅಂತಿದೆ ಅಲ್ಲಿ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅದನ್ನು ಮೊದಲು ಓದಿಸಿ ಕೇಳಿದ ಸೆರೆಯವರಲ್ಲಿ ಹೆಚ್ಚಿನವರು ತಮ್ಮ ಊರನ್ನು ಮತ್ತೆ ಕಾಣುವಂತಿರಲಿಲ್ಲ. ಅವರಿಗೆ ಬಂದ ಮಾತು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತ.

ಇದನ್ನೆಲ್ಲ ನನಗೆ ಕಲಿಸಿದ್ದು ಅಪ್ಪನ ಕಾಯಿಲೆ. ನಾವು ಉಪವಾಸ ಮಾಡಿದೆವು, ರಾತ್ರಿಯೆಲ್ಲ ಪ್ರಾರ್ಥಿಸಿದೆವು. ನೋಡಲು ಬಂದ ಒಬ್ಬರು ಹೊರಗೆ ಬಂದು, ಅವರ ವಿಶ್ವಾಸ ಸಾಲದು, ಅದಕ್ಕೇ ಗುಣವಾಗುತ್ತಿಲ್ಲ ಅಂದರು. ಬಾಗಿಲು ತೆರೆದೇ ಇತ್ತು, ಅಪ್ಪನಿಗೆ ಕೇಳಿಸಿತ್ತು. ಅವರು ಏನೂ ಅನ್ನಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಬೈಬಲ್ ನನ್ನ ಕೈಗೆ ಬಂತು. ದಾನಿಯೇಲನ 3ನೇ ಅಧ್ಯಾಯದಲ್ಲಿ ಪೆನ್ಸಿಲಿನ ಗೆರೆ. ನಮ್ಮ ದೇವರು ಈ ಬೆಂಕಿಯಿಂದ ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂದು, ವಿಗ್ರಹಕ್ಕೆ ಅಡ್ಡಬೀಳದ್ದಕ್ಕೆ ಬೆಂಕಿಯ ಶಿಕ್ಷೆ ಎದುರಿಸಿದ ಮೂವರು ಯೆಹೂದ್ಯರು ಬಾಬೆಲಿನ ಅರಸನಿಗೆ ಹೇಳುವ ಜಾಗ. ಬಿಡಿಸಬಲ್ಲನು ಅನ್ನುವುದರ ಕೆಳಗೆ ಗೆರೆ ನೆಟ್ಟಗಿದೆ, ಹಳೆಯದು. ಬಿಡಿಸದೆ ಹೋದರೂ ಅನ್ನುವ ಕಡೆಯದು ಕೈ ನಡುಗುವಾಗ ಎಳೆದದ್ದು, ಸೊಟ್ಟಗೆ ಹೋಗಿ ಅಕ್ಷರಗಳ ಮೇಲೇ ಹಾದುಹೋಗಿದೆ.

ಅಪ್ಪನಿಗೆ ವಿಶ್ವಾಸ ಸಾಲದೆಂದರೆ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಪ್ರಾರ್ಥಿಸಿದ ಯೇಸುವಿಗೂ ಸಾಲದೆನ್ನಬೇಕಾಗುತ್ತದೆ. ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು ಅವನೂ ಕೇಳಿದ, ನೆಲಕ್ಕೆ ಬಿದ್ದು ಕೇಳಿದ, ಮತ್ತೆ ಮತ್ತೆ ಕೇಳಿದ. ಕೇಳಿದ ಬಾಯಲ್ಲೇ, ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಅಂದ. ಪಾತ್ರೆ ಬಿಟ್ಟು ಹೋಗಲಿಲ್ಲ. ತನ್ನ ದೇಹದಲ್ಲಿ ಮುಳ್ಳಿನಂತೆ ಕಾಡುತ್ತಿದ್ದ ಬಾಧೆಯನ್ನು ತೆಗೆ ಎಂದು ಮೂರು ಸಾರಿ ಬೇಡಿಕೊಂಡ ಅಪೊಸ್ತಲ ಪೌಲನಿಗೂ ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ. ಅತ್ತು ಬೇಡಿಕೊಳ್ಳುವುದಕ್ಕೂ ಒಪ್ಪಿಸಿಬಿಡುವುದಕ್ಕೂ ವಿರೋಧವಿಲ್ಲ ಅಂತ ನನಗೆ ಅರ್ಥವಾದದ್ದು ಇಲ್ಲೇ.

ಬರುವ ಭಾನುವಾರ ಸಾಕ್ಷಿಯ ಸಮಯದಲ್ಲಿ ಎದ್ದು ನಿಂತು ಅಪ್ಪನ ವಿಷಯ ಹೇಳುತ್ತೇನೆ. ಗುಣವಾಗಲಿಲ್ಲ ಅನ್ನುವುದನ್ನೂ ಸೇರಿಸಿ. ಆ ಅಕ್ಕ ಕೇಳಿಸಿಕೊಳ್ಳಲಿ.