ಹಿಡಿ ಅರ್ಧಕ್ಕೆ ನಿಂತಾಗ ಏನಾಗುತ್ತದೆ? ಪ್ರೊಗ್ರೆಸಿವ್ ಪ್ರೆಸ್ ಕೊಳ್ಳುವ ಮುಂಚೆ ಕೇಳಬೇಕಾದ್ದು ಇದು

ಮನೆಯಲ್ಲಿ ತೋಟಾ ರೀಲೋಡ್ ಮಾಡಲು, ಅಂದರೆ ಹಾರಿಸಿದ ತೋಟಾದ ಖಾಲಿ ಕೇಸಿಗೆ (ಲೋಹದ ಕವಚಕ್ಕೆ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು, ಗುಂಡು ತುಂಬಲು, ಪ್ರೊಗ್ರೆಸಿವ್ ಪ್ರೆಸ್ (ಒಂದೇ ಎಳೆತಕ್ಕೆ ಹಲವು ಹಂತ ನಡೆಸುವ ಯಂತ್ರ) ಹುಡುಕುವವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಗಂಟೆಗೆ ಎಷ್ಟು ಬರುತ್ತೆ?" ಇದನ್ನು ಎಲ್ಲಾ ಮುಗಿದ ಮೇಲೆ ಕೇಳಿದರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದ್ದು ಬೇರೆ. ಕೇಸ್ ಸಿಕ್ಕಿಹಾಕಿಕೊಂಡು ಹಿಡಿ ಅರ್ಧಕ್ಕೆ ನಿಂತಿದೆ ಅಂದುಕೊಳ್ಳಿ. ಯಾವ ಕೇಸಿಗೆ ಮದ್ದು ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಅಂತ ಒಂದೇ ನೋಟಕ್ಕೆ ಹೇಳೋಕಾಗುತ್ತಾ?

(ಮನೆಯಲ್ಲಿ ರೀಲೋಡ್ ಮಾಡುವುದು ಎಲ್ಲ ದೇಶದಲ್ಲೂ ಕಾನೂನುಬದ್ಧವಲ್ಲ. ಅದನ್ನು ಖಚಿತ ಮಾಡಿಕೊಂಡವರಿಗೆ ಮಾತ್ರ ಮುಂದಿನ ಮಾತು.)

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಮ್ಮೆಗೆ ಒಂದೇ ಕೆಲಸ. ಐವತ್ತು ಕೇಸಿಗೆ ಮದ್ದು ಹಾಕಿ ಟ್ರೇನಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿದರೆ ಖಾಲಿ ಉಳಿದದ್ದು ತಾನಾಗೇ ಕಣ್ಣಿಗೆ ಬೀಳುತ್ತದೆ. ಪ್ರೊಗ್ರೆಸಿವ್‌ನಲ್ಲಿ ಹಾಗಲ್ಲ. ಕೇಸುಗಳನ್ನು ಹಿಡಿದು ತಿರುಗುವ ಶೆಲ್ ಪ್ಲೇಟ್ ಮೇಲೆ ನಾಲ್ಕೋ ಐದೋ ಕೇಸು, ಒಂದೊಂದು ಒಂದೊಂದು ಹಂತದಲ್ಲಿ. ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟಾ ಹೊರಬರುತ್ತದೆ. ಲಯ ತಪ್ಪದಿದ್ದರೆ ಎಲ್ಲಾ ಸರಿ. ಕೆಟ್ಟ ತೋಟಾ ಹುಟ್ಟುವುದು ಹೆಚ್ಚಾಗಿ ಲಯ ತಪ್ಪಿದ ಆ ಅರ್ಧ ನಿಮಿಷದಲ್ಲಿ.

ಕೆಡುವುದು ಎರಡು ರೀತಿ. ಮದ್ದು ಬೀಳದೇ ಹೋದರೆ ಪ್ರೈಮರ್‌ನ ಬಲವೊಂದೇ ಗುಂಡನ್ನು ಬ್ಯಾರೆಲ್‌ವರೆಗೆ ತಳ್ಳಿ ಅಲ್ಲೇ ಸಿಕ್ಕಿಸುತ್ತದೆ. ಇದೇ ಸ್ಕ್ವಿಬ್. ಸದ್ದು ಸಪ್ಪಗಿತ್ತು ಅನ್ನುವುದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಇನ್ನೊಂದು ಡಬಲ್ ಚಾರ್ಜ್. ಬೇಗ ಉರಿಯುವ ಪಿಸ್ತೂಲ್ ಮದ್ದು ಕೇಸಿನ ಅರ್ಧವನ್ನೂ ತುಂಬುವುದಿಲ್ಲ, ಹಾಗಾಗಿ ಎರಡು ಅಳತೆ ಬಿದ್ದರೂ ಹೊರಗೆ ಚೆಲ್ಲದು. ರಿವಾಲ್ವರ್‌ನ .38 ಸ್ಪೆಷಲ್ ತೋಟಾದಲ್ಲಿ ಅಪಾಯ ಇನ್ನೂ ಹೆಚ್ಚು. ಕಪ್ಪು ಮದ್ದಿನ ಕಾಲದ ಲೆಕ್ಕದ ಉದ್ದನೆಯ ಕೇಸ್ ಅದು, ಈಗಿನ ಚಿಟಿಕೆ ಮದ್ದು ಅದರ ತಳದಲ್ಲಿ ಎಲ್ಲೋ ಕೂತಿರುತ್ತದೆ. ಆದ್ದರಿಂದ ಪ್ರೆಸ್ ಆರಿಸುವ ಮುಂಚೆಯೇ ಮದ್ದನ್ನು ಆರಿಸಿ. ಲೋಡಿಂಗ್ ಕೈಪಿಡಿಯಲ್ಲಿ ನಿಮ್ಮ ಗುಂಡಿಗೆ ಕೊಟ್ಟಿರುವ ಮದ್ದುಗಳಲ್ಲಿ ಕೇಸನ್ನು ಅರ್ಧಕ್ಕಿಂತ ಹೆಚ್ಚು ತುಂಬುವುದನ್ನು ತೆಗೆದುಕೊಂಡರೆ, ಎರಡನೇ ಅಳತೆ ಬಿದ್ದ ಕೂಡಲೇ ಮದ್ದು ಉಕ್ಕಿ ಪ್ಲೇಟ್ ಮೇಲೆ ಚೆಲ್ಲುತ್ತದೆ. ಯಾವ ಅಲಾರಮ್ಮಿಗಿಂತಲೂ ಇದು ನಂಬಿಕಸ್ಥ.

ಈಗ ಯಂತ್ರಗಳ ವಿಷಯ. ಡಿಲನ್ ಕಂಪನಿಯ 550ರಲ್ಲಿ ನಾಲ್ಕು ಸ್ಟೇಷನ್ (ಒಂದೊಂದು ಹಂತದ ಕೆಲಸ ನಡೆಯುವ ಜಾಗ), ಪ್ಲೇಟ್ ತಿರುಗಿಸುವುದು ನಿಮ್ಮ ಕೈಯಿಂದಲೇ. 750ರಲ್ಲಿ ಐದು, ತಾನೇ ತಿರುಗುತ್ತದೆ. ಹಾರ್ನಡಿಯ ಲಾಕ್-ಎನ್-ಲೋಡ್ ಎಪಿ ಕೂಡ ಐದು ಸ್ಟೇಷನ್ನಿನದು, ಆದರೆ ಹಿಡಿ ಇಳಿಯುವಾಗ ಅರ್ಧ, ಏರುವಾಗ ಇನ್ನರ್ಧ ತಿರುಗುವುದರಿಂದ ಜರ್ಕ್ ಕಡಿಮೆ. ಲೀ ಪ್ರೊ 1000ರಲ್ಲಿ ಮೂರೇ ಸ್ಟೇಷನ್.

ಕೈಯಿಂದ ತಿರುಗಿಸುವ ಪ್ರೆಸ್ ಅಂದರೆ ಹಳೆಯದು, ಕೀಳು ಅನ್ನುವ ಭಾವನೆ ಹಲವರಲ್ಲಿದೆ. ನಾನು ಒಪ್ಪುವುದಿಲ್ಲ. ತಿರುಗಿಸಲು ಮರೆತರೆ ಅದೇ ಕೇಸ್ ಮತ್ತೆ ಮದ್ದಿನ ಕೆಳಗೆ ಬಂದು ಡಬಲ್ ಚಾರ್ಜ್ ಆಗುತ್ತದೆ ಅನ್ನುವುದು ನಿಜ, ಅದೇ ಅದರ ದೊಡ್ಡ ದೋಷ. ಆದರೆ ಏನಾದರೂ ಸಿಕ್ಕಿಕೊಂಡಾಗ ಯಂತ್ರ ನೀವು ನಿಲ್ಲಿಸಿದಲ್ಲೇ ನಿಂತಿರುತ್ತದೆ, ಪ್ಲೇಟನ್ನು ಹಿಂದಕ್ಕೂ ತಿರುಗಿಸಿ ನೋಡಬಹುದು. ತಾನೇ ತಿರುಗುವುದರಲ್ಲಿ ಡಬಲ್ ಅಪರೂಪ, ನಿಜ. ಆದರೆ ಒಂದು ಸ್ಟೇಷನ್ನಿನಲ್ಲಿ ತೊಡಕಾದಾಗ ಸರಿಪಡಿಸಲೆಂದು ಹಿಡಿ ಆಡಿಸಿದರೆ ಉಳಿದ ನಾಲ್ಕು ಕಡೆಯೂ ಕೆಲಸ ಮುಂದೆ ಹೋಗಿಬಿಡುತ್ತದೆ.

ಎರಡರಲ್ಲೂ ಅರ್ಧ ಎಳೆತ ಎಂದರೆ ಅರ್ಧ ಮದ್ದು ಬಿದ್ದಿರುವ ಸಾಧ್ಯತೆ, ಯಾಕೆಂದರೆ ಮದ್ದು ಅಳೆದು ಬೀಳಿಸುವ ಪೌಡರ್ ಬಾರ್ ಪೂರ್ತಿ ಸರಿಯುವುದು ಎಳೆತದ ಕೊನೆಯಲ್ಲಿ. ಆಗ "ಇನ್ನೊಮ್ಮೆ ಎಳೆದರೆ ಸರಿಹೋಗುತ್ತೆ" ಅನ್ನುವುದು ಬೇಡ. ಮದ್ದಿನ ಸ್ಟೇಷನ್ ಮತ್ತು ಅದರ ಮುಂದೆ ಇನ್ನೂ ಗುಂಡು ಕೂರದ ಕೇಸುಗಳನ್ನು, ಅವನ್ನು ಹಿಡಿದಿರುವ ಪಿನ್ ತೆಗೆದು ಹೊರಗೆಳೆಯಿರಿ, ಮದ್ದನ್ನು ಹಾಪರ್‌ಗೆ (ಪ್ರೆಸ್ ಮೇಲಿನ ಮದ್ದಿನ ಡಬ್ಬಕ್ಕೆ) ಸುರಿಯಿರಿ, ಕೇಸನ್ನು ಮತ್ತೆ ಮದ್ದಿನ ಸ್ಟೇಷನ್ನಿನಿಂದಲೇ ಶುರು ಮಾಡಿ. ಗುಂಡು ಕೂತದ್ದರ ಮೇಲೆ ಅನುಮಾನವಿದ್ದರೆ ಅದನ್ನು ಬೇರೆ ಡಬ್ಬಿಗೆ ಹಾಕಿ, ಆಮೇಲೆ ಬುಲೆಟ್ ಪುಲ್ಲರ್‌ನಿಂದ ಬಿಚ್ಚಿ. ತೂಗಿ ನೋಡಿದರೆ ಗೊತ್ತಾಗುತ್ತಲ್ಲ ಅನ್ನುವವರಿದ್ದಾರೆ. ಪಿಸ್ತೂಲ್ ತೋಟಾದಲ್ಲಿ ಕೇಸಿನಿಂದ ಕೇಸಿಗೆ, ಗುಂಡಿನಿಂದ ಗುಂಡಿಗೆ ಇರುವ ತೂಕದ ವ್ಯತ್ಯಾಸವೇ ಕೆಲವು ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಇರುತ್ತದೆ, ಮದ್ದಿನ ತೂಕವೂ ಅಷ್ಟೇ. ತಕ್ಕಡಿ ಅಲ್ಲಿ ಏನೂ ಹೇಳುವುದಿಲ್ಲ.

ಐದನೇ ಸ್ಟೇಷನ್ನಿನ ನಿಜವಾದ ಬೆಲೆ ಇರುವುದು ಇಲ್ಲೇ. 550ರಲ್ಲಿ ಕ್ರಮ ಹೀಗೆ: ಮೊದಲನೆಯದರಲ್ಲಿ ಸೈಜ್ ಮಾಡಿ (ಉಬ್ಬಿದ ಕೇಸನ್ನು ಒತ್ತಿ ಮೊದಲಿನ ಅಳತೆಗೆ ತಂದು) ಹಳೆ ಪ್ರೈಮರ್ ಹೊರಹಾಕಿ ಹೊಸದನ್ನು ಕೂರಿಸುವುದು, ಎರಡರಲ್ಲಿ ಮದ್ದು ಮತ್ತು ಬಾಯಿ ಅಗಲಿಸುವುದು, ಮೂರರಲ್ಲಿ ಗುಂಡು ಕೂರಿಸುವುದು, ನಾಲ್ಕರಲ್ಲಿ ಕ್ರಿಂಪ್ (ಕೇಸಿನ ಬಾಯನ್ನು ಗುಂಡಿಗೆ ಬಿಗಿಯುವುದು). ಬಿದ್ದ ಮದ್ದಿನ ಮಟ್ಟ ನೋಡುವ ಪೌಡರ್ ಚೆಕ್‌ಗೆ ಜಾಗವೇ ಇಲ್ಲ. ಬೇಕಾದರೆ ಕೂರಿಸುವುದನ್ನೂ ಕ್ರಿಂಪನ್ನೂ ಒಂದೇ ಡೈನಲ್ಲಿ (ಸ್ಟೇಷನ್ನಿನ ಅಚ್ಚಿನಲ್ಲಿ) ಮಾಡಬೇಕು. 750ರಲ್ಲಿ ಮೂರನೇ ಸ್ಟೇಷನ್ ಅದಕ್ಕೆಂದೇ ಸಿಗುತ್ತದೆ. ಡಿಲನ್‌ನ ಪೌಡರ್ ಚೆಕ್ ಸದ್ದು ಮಾಡುತ್ತದೆ, ಆರ್‌ಸಿಬಿಎಸ್‌ನ ಲಾಕ್-ಔಟ್ ಡೈ ಹಿಡಿಯನ್ನೇ ತಡೆದು ನಿಲ್ಲಿಸುತ್ತದೆ. ನನ್ನ ಮತ ಎರಡನೆಯದಕ್ಕೆ, ಯಾಕೆಂದರೆ ಬ್ಯಾಟರಿ ಸತ್ತ ಅಲಾರಂ ತನ್ನ ಸಾವನ್ನು ತಾನೇ ಹೇಳುವುದಿಲ್ಲ. ಎರಡೂ ಹಿಡಿಯುವುದು ದೊಡ್ಡ ವ್ಯತ್ಯಾಸವನ್ನು ಮಾತ್ರ. 0.2 ಗ್ರೇನ್ ಹೆಚ್ಚುಕಮ್ಮಿ ಅವಕ್ಕೆ ಗೊತ್ತಾಗದು. ನಾಲ್ಕು ಸ್ಟೇಷನ್ ಪ್ರೆಸ್ ಇದ್ದವರು ಡೈಗಳು ಕೂರುವ ಟೂಲ್‌ಹೆಡ್‌ಗೆ ಎಲ್‌ಇಡಿ ದೀಪ ಸಿಕ್ಕಿಸಿ, ಗುಂಡು ಇಡುವ ಮುನ್ನ ಕೇಸಿನೊಳಗೆ ನೋಡಿಯೇ ಇಡಬೇಕು. ಕೂತರೆ ಒಳಗೆ ಕಾಣದಷ್ಟು ಪ್ರೆಸ್ ಎತ್ತರವಿದ್ದರೆ ನಿಂತು ಕೆಲಸ ಮಾಡಿ.

ತಾನೇ ತಿರುಗುವ ಪ್ರೆಸ್‌ಗಳ ಇನ್ನೊಂದು ಕಿರಿಕಿರಿ: ಪ್ಲೇಟ್ ಟಕ್ ಅಂತ ನಿಂತಾಗ 9 ಎಂಎಂನಂಥ ಗಿಡ್ಡ ಕೇಸಿನಿಂದ ಮದ್ದು ಚಿಮ್ಮುತ್ತದೆ. ಇದರಿಂದ ಅಳತೆ ತಪ್ಪುವುದು ಒಂದು. ಚೆಲ್ಲಿದ ಕಾಳುಗಳು ಪ್ರೈಮರ್ ಜಾಗಕ್ಕೆ ಸೇರಿ, ಪ್ರೈಮರ್ ಎತ್ತರಕ್ಕೆ ಕೂರುವುದು ಇನ್ನೊಂದು. ಪ್ಲೇಟನ್ನು ಸರಿಯಾದ ಜಾಗದಲ್ಲಿ ತಡೆಯುವ, ಅದರ ಕೆಳಗಿನ ಡಿಟೆಂಟ್ ಬಾಲಿಗೆ (ಪುಟ್ಟ ಉಕ್ಕಿನ ಗುಂಡಿಗೆ) ಕೊಂಚ ಮೆದು ಸ್ಪ್ರಿಂಗ್, ನಡುವಿನ ಬೋಲ್ಟ್ ಕೆಳಗೊಂದು ಥ್ರಸ್ಟ್ ಬೇರಿಂಗ್ ಹಾಕಿದರೆ ಬಹುಪಾಲು ನಿಲ್ಲುತ್ತದೆ. ಆ ಬೋಲ್ಟ್ ಸಡಿಲವಿದ್ದರೆ ಪ್ಲೇಟ್ ವಾಲಿ ಪ್ರೈಮರ್ ಓರೆಯಾಗುತ್ತದೆ, ಬಿಗಿಯಿದ್ದರೆ ತಿರುಗುವುದೇ ಇಲ್ಲ. ಪೂರ್ತಿ ಬಿಗಿಮಾಡಿ, ಪ್ಲೇಟ್ ಸಲೀಸಾಗಿ ತಿರುಗುವಷ್ಟೇ ಹಿಂದೆ ಬಿಟ್ಟು, ಲಾಕ್ ಸ್ಕ್ರೂ ಹಾಕಿ.

ಪ್ರೈಮರ್ ವಿಷಯದಲ್ಲಿ ಅವಸರ ಸಲ್ಲದು. ಟ್ಯೂಬ್ ಒಂದಕ್ಕೆ 100. ಅಂದರೆ ಗಂಟೆಗೆ 500 ಅನ್ನುವ ಪ್ರೆಸ್ಸನ್ನೂ ಐದು ಸಲ ನಿಲ್ಲಿಸಿ ತುಂಬಬೇಕು. ಜಾಹೀರಾತಿನ ವೇಗ ಈ ನಿಲುಗಡೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಟ್ಯೂಬಿನಲ್ಲಿ ಪ್ರೈಮರ್ ಸಿಕ್ಕಿಕೊಂಡರೆ ಕಡ್ಡಿಯಿಂದ ಕುಟ್ಟಿ ಇಳಿಸಲು ಹೋಗಬೇಡಿ. ಒಂದು ಸಿಡಿದರೆ ನೂರೂ ಸಿಡಿಯಬಹುದು. ಟ್ಯೂಬಿನ ಸುತ್ತ ಉಕ್ಕಿನ ಕವಚ ಇರುವುದು ಅದಕ್ಕೇ, ಕಣ್ಣಿಗೆ ಕನ್ನಡಕ ಬೇಕಾಗಿರುವುದೂ ಅದಕ್ಕೇ. ಕೂತ ಪ್ರೈಮರ್ ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು. ಬೆರಳು ಸವರಿದರೆ ಉಬ್ಬು ತಾಕಬಾರದು. ಹಿಡಿಯನ್ನು ಮುಂದಕ್ಕೆ ಒತ್ತಿ ಪ್ರೈಮರ್ ಕೂರಿಸುವ 550, 750ರಂಥವುಗಳಲ್ಲಿ ಬೆಂಚ್ ಅಲುಗಾಡಿದರೆ ಈ ಅಳತೆ ಪ್ರತಿ ತೋಟಾಕ್ಕೂ ಬೇರೆ ಬೇರೆ ಬರುತ್ತದೆ. ಪ್ರೆಸ್ ಮೇಲೆ ಖರ್ಚು ಮಾಡಿ, ಅಲುಗುವ ಮೇಜಿಗೆ ಬಿಗಿಯುವವರನ್ನು ಕಂಡರೆ ಏನು ಹೇಳುವುದೋ ತಿಳಿಯದು. ಬೆಂಚನ್ನು ಗೋಡೆಗೇ ಬೋಲ್ಟ್ ಮಾಡಿ.

ಕೇಸುಗಳನ್ನು ಬೇರ್ಪಡಿಸುವ ಸೋಮಾರಿತನಕ್ಕೆ ಪ್ರೊಗ್ರೆಸಿವ್ ದಂಡ ಹಾಕುತ್ತದೆ. .45 ಎಸಿಪಿಯಲ್ಲಿ ಸಣ್ಣ ಪ್ರೈಮರ್ ಕೇಸ್ ಬೆರೆತಿದ್ದರೆ 0.210 ಇಂಚಿನ ಪ್ರೈಮರನ್ನು 0.175ರ ಗುಳಿಗೆ ತುರುಕಲು ಹೋಗಿ ಯಂತ್ರ ಅಲ್ಲೇ ನಿಲ್ಲುತ್ತದೆ. ಸೈನ್ಯದ 5.56 ಕೇಸಿನಲ್ಲಿ ಪ್ರೈಮರ್ ಕದಲದಂತೆ ಅಂಚು ಒತ್ತಿದ (ಇದಕ್ಕೂ ಕ್ರಿಂಪ್ ಅಂತಲೇ ಹೆಸರು) ಗುಳಿಯದೂ ಇದೇ ಕಥೆ, ಮೊದಲು ಸ್ವೇಜ್ ಮಾಡಿ (ಅಂಚನ್ನು ಒತ್ತಿ ಅಗಲಿಸಿ) ಇಲ್ಲವೇ ಕೆತ್ತಿ ಆ ಅಂಚನ್ನು ತೆಗೆಯಲೇಬೇಕು. ಡಿಲನ್ ಆರ್‌ಎಲ್ 1100ರಲ್ಲಿ ಸ್ವೇಜಿಂಗ್ ಯಂತ್ರದಲ್ಲೇ ಇದೆ. ಆದರೆ ಅದೊಂದಕ್ಕಾಗಿ ಮನೆಗೆ ಎಂಟು ಸ್ಟೇಷನ್ನಿನ ಯಂತ್ರ ತರುವುದು ನನಗೆ ಅತಿಯೆನಿಸುತ್ತದೆ.

ರೈಫಲ್ ತೋಟಾಗಳಿಗೆ ಪ್ರೊಗ್ರೆಸಿವ್ ಅಷ್ಟು ಸಲೀಸಲ್ಲ. ಸೈಜ್ ಮಾಡಿದಾಗ ಕೇಸ್ ಉದ್ದವಾಗುತ್ತದೆ. .223ರ ಗರಿಷ್ಠ 1.760 ಇಂಚು ದಾಟಿದರೆ 1.750ಕ್ಕೆ ಕತ್ತರಿಸಬೇಕು. ಹಾಗಾಗಿ ಎರಡು ಟೂಲ್‌ಹೆಡ್, ಎರಡು ಸುತ್ತು, ನಡುವೆ ಕತ್ತರಿಸುವ, ಸೈಜ್ ಮಾಡಲು ಹಚ್ಚಿದ ಎಣ್ಣೆ ಒರೆಸುವ ಕೆಲಸ. ಕಡ್ಡಿಯಾಕಾರದ ಮದ್ದು ಪೌಡರ್ ಮೆಷರ್‌ನಲ್ಲಿ ಅಡ್ಡಗಟ್ಟುವುದೂ ಉಂಟು. ದುಂಡು ಕಾಳಿನ ಬಾಲ್ ಪೌಡರ್ ನೀರಿನಂತೆ ಹರಿಯುತ್ತದೆ. ದೂರದ ಗುರಿಗೆ ಕೆಲವೇ ತೋಟಾ ಬೇಕಾದವರಿಗೆ ಸಿಂಗಲ್ ಸ್ಟೇಜ್ ಸಾಕು.

ಹೊಸ ಪ್ರೆಸ್ ಹೊಂದಿಸುವಾಗ ಮೊದಲು ಒಂದೇ ಕೇಸನ್ನು ಎಲ್ಲ ಸ್ಟೇಷನ್ ದಾಟಿಸಿ. ಮದ್ದನ್ನು ಹತ್ತು ಸಲ ಬೀಳಿಸಿ ಒಟ್ಟು ತೂಗಿ ಹತ್ತರಿಂದ ಭಾಗಿಸಿ, ಆಮೇಲೆ ಐವತ್ತಕ್ಕೊಮ್ಮೆ ಪರೀಕ್ಷಿಸಿ. ಗುಂಡಿನ ಆಳವನ್ನು ಮಾತ್ರ ಪ್ಲೇಟ್ ಪೂರ್ತಿ ತುಂಬಿದ ಮೇಲೆಯೇ ಅಂತಿಮ ಮಾಡಿ. ಒಂಟಿ ಕೇಸಿನಲ್ಲಿ ಬಂದ ಉದ್ದ, ಎಲ್ಲ ಸ್ಟೇಷನ್ನಿಗೂ ಒತ್ತಡ ಬಿದ್ದಾಗ ಕೆಲವು ಸಾವಿರಾಂಶ ಇಂಚು ಬದಲಾಗುತ್ತದೆ. 9 ಎಂಎಂನ ಗರಿಷ್ಠ ಉದ್ದ 1.169 ಇಂಚು, ಆದರೆ ನಿಮ್ಮ ಬ್ಯಾರೆಲ್‌ಗೆ ಅದಕ್ಕಿಂತ ಗಿಡ್ಡ ಬೇಕಾಗಬಹುದು. ಬ್ಯಾರೆಲ್ ಬಿಚ್ಚಿ ತೋಟಾ ಹಾಕಿ ನೋಡಿ, ಟಕ್ಕನೆ ಕೂತು ತಾನಾಗೇ ಜಾರಿ ಬೀಳಬೇಕು.

ಕ್ಯಾಲಿಬರ್ (ತೋಟಾದ ಅಳತೆ) ಬದಲಾವಣೆಯ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಡಿಲನ್‌ನಲ್ಲಿ ಶೆಲ್ ಪ್ಲೇಟ್, ಲೊಕೇಟರ್ ಪಿನ್, ಪೌಡರ್ ಫನೆಲ್, ಮೇಲೊಂದು ಟೂಲ್‌ಹೆಡ್. ಹಾರ್ನಡಿಯಲ್ಲಿ ಶೆಲ್ ಪ್ಲೇಟ್ ಮತ್ತು ಡೈಗಳಿಗೆ ಬುಷಿಂಗ್. ಡಿಲನ್ ಸ್ಕ್ವೇರ್ ಡೀಲ್ ಬಿ ತಾನೇ ತಿರುಗುವ, ಪುಟ್ಟ ಚೊಕ್ಕ ಯಂತ್ರ. ಆದರೆ ಅದರ ಡೈಗಳೇ ಬೇರೆ, ಸಾಮಾನ್ಯ 7/8-14 ಡೈ ಕೂರದು, ರೈಫಲ್‌ಗೂ ಆಗದು.

ತಿಂಗಳಿಗೆ ಇನ್ನೂರು ಮುನ್ನೂರು ತೋಟಾ, ಎರಡು ಮೂರು ಕ್ಯಾಲಿಬರ್ ಇದ್ದವರಿಗೆ ನನ್ನ ಸಲಹೆ 550ರಂಥ ಕೈತಿರುಗಿನದು, ಜೊತೆಗೊಂದು ಒಳ್ಳೆ ದೀಪ. ಒಂದೇ ಕ್ಯಾಲಿಬರ್, ತಿಂಗಳಿಗೆ ಸಾವಿರ ದಾಟುತ್ತದೆ ಅಂದರೆ ಐದು ಸ್ಟೇಷನ್ನಿನದು, ಲಾಕ್-ಔಟ್ ಡೈ ಸಮೇತ. ಕೇಸುಗಳನ್ನು ತಾನೇ ಒದಗಿಸುವ ಕೇಸ್ ಫೀಡರ್ ಅನ್ನು ಮೊದಲ ದಿನವೇ ಹಾಕಬೇಡಿ. ಕೇಸನ್ನು ಕೈಯಲ್ಲೇ ಇಡುತ್ತಾ ಒಂದೆರಡು ಸಾವಿರ ಮಾಡಿದರೆ ಪ್ರತಿ ಸ್ಟೇಷನ್ನಿನ ಒತ್ತಡ ಎಷ್ಟಿರಬೇಕು ಅಂತ ಅಂಗೈಗೆ ತಿಳಿಯುತ್ತದೆ. ಫೀಡರ್ ಆಮೇಲೆ ಯಾವಾಗ ಬೇಕಾದರೂ ಹಾಕಬಹುದು.